ಗಣಿತದ ತರಗತಿಯಲ್ಲಿ ಟ್ಯಾಬ್ಲೆಟ್

ಗಣಿತವೆಂದೊಡನೆ ನಮ್ಮಲ್ಲಿ ಅನೇಕರಿಗೆ ಎದೆ ನಡುಗುವುದು ಹೊಸ ಸಂಗತಿಯೇನಲ್ಲ. ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ಹಳ್ಳಿಯ ವಿದ್ಯಾರ್ಥಿಯು ಎಡವುವ ವಿಷಯಗಳಲ್ಲಿ ಅದೂ ಒಂದು. ಹಿಂದಿನವರು ಮರಳಿನ ಮೇಲೆ ಬೆರಳಿನಿಂದ ತಿದ್ದಿದರು. ಬಳಿಕ ಹಲಗೆ-ಬಳಪಗಳು ಬಂದವು. ಇಂದು ಗಾಜಿನ ಹಲಗೆಯಂತಿರುವ ಟ್ಯಾಬ್ಲೆಟ್ ಬಂದಿದೆ. ಪ್ರೌಢಶಾಲೆಯ ಗಣಿತಕ್ಕೆ ಇದರಿಂದಾಗುವ ಪ್ರಯೋಜನವೇನು, ಇದರ ಮಿತಿಯೇನು ಎಂಬುದನ್ನು ಸ್ಥೂಲವಾಗಿ ವಿಚಾರಿಸೋಣ.

ಕಪ್ಪುಹಲಗೆಯ ಮೇಲಿನ ಚಿತ್ರ ಸ್ಥಿರವಾದುದು. ಗಣಿತದಲ್ಲಾದರೋ, ಒಂದು ಪರಿಮಾಣ ಬದಲಾದಾಗ ಮತ್ತೊಂದು ಹೇಗೆ ಬದಲಾಗುತ್ತದೆಂಬುದೇ ಮುಖ್ಯ ಪ್ರಶ್ನೆ. ಈ ಬದಲಾವಣೆಯನ್ನು ಕಣ್ಣಿಗೆ ಕಾಣಿಸುವುದೇ ಟ್ಯಾಬ್ಲೆಟ್ಟಿನ ವಿಶೇಷ. ಆಸ್ಟ್ರಿಯ ದೇಶದ ಮಾರ್ಕುಸ್ ಹೋಹೆನ್‌ವಾರ್ಟರ್ ಎಂಬವರು 2001ರಲ್ಲಿ ಆರಂಭಿಸಿದ ‘ಜಿಯೋಜಿಬ್ರಾ’ ಎಂಬ ತಂತ್ರಾಂಶ ಇದಕ್ಕೆ ಹೇಳಿಮಾಡಿಸಿದಂತಿದೆ. ಶಾಲೆಗಳು ಅದನ್ನು ಹಣ ಕೊಡದೆ ಬಳಸಬಹುದು; ಒಮ್ಮೆ ಅಳವಡಿಸಿಕೊಂಡರೆ ಅಂತರ್ಜಾಲವಿಲ್ಲದೆಯೂ ನಡೆಯುತ್ತದೆ.

ನಮ್ಮ ಜಿಲ್ಲೆಯದೇ ಒಂದು ಉದಾಹರಣೆ ನೋಡೋಣ. ಹಿರಿಯೂರಿನ ಬಳಿ 1907ರಲ್ಲಿ ಪೂರ್ಣಗೊಂಡ ವಾಣಿವಿಲಾಸ ಸಾಗರವು 1933ರ ತರುವಾಯ 2022ರಲ್ಲಿ ಕೋಡಿ ಬಿದ್ದಾಗ ಜನರು ಸಂಭ್ರಮಪಟ್ಟರು. ಅದರ ಪೂರ್ಣಮಟ್ಟ 130 ಅಡಿ. ನೀರು 65 ಅಡಿಗೆ ಬಂದರೆ ಅರ್ಧ ತುಂಬಿತೆನ್ನಬಹುದೆ? ಎನ್ನಲಾಗದು. ಕಣಿವೆಯು ಮೇಲೆ ಅಗಲ, ಕೆಳಗೆ ಕಿರಿದು. ಲೆಕ್ಕದ ಅನುಕೂಲಕ್ಕಾಗಿ ಅದನ್ನು ತುದಿ ಕೆಳಗಾದ ಶಂಕುವೆಂದು ಭಾವಿಸೋಣ. ಅರ್ಧ ಎತ್ತರದಲ್ಲಿ ತ್ರಿಜ್ಯವೂ ಅರ್ಧ. ಘನಫಲವು ತ್ರಿಜ್ಯದ ವರ್ಗವನ್ನೂ ಎತ್ತರವನ್ನೂ ಅನುಸರಿಸುವುದರಿಂದ, ನೀರು ಇರುವುದು ಎಂಟರಲ್ಲಿ ಒಂದು ಪಾಲು ಮಾತ್ರ! ಟ್ಯಾಬ್ಲೆಟ್ಟಿನಲ್ಲಿ ಬೆರಳಿನಿಂದ ಮಟ್ಟವನ್ನು ಏರಿಸುತ್ತ ಹೋದಂತೆ, ಪಕ್ಕದ ನಕ್ಷೆಯ ಗೆರೆ ಮೊದಲು ಮೆಲ್ಲಗೆ, ಬಳಿಕ ಕಡಿದಾಗಿ ಏರುವುದು ಕಾಣುತ್ತದೆ. ನಿಜವಾದ ಜಲಾಶಯ ಶಂಕುವಲ್ಲ, ದಿಟ. ಆದರೂ ಮೇಲಿನ ಒಂದು ಅಡಿ ಕೆಳಗಿನ ಒಂದು ಅಡಿಗಿಂತ ಏಕೆ ಹೆಚ್ಚು ನೀರನ್ನು ಹಿಡಿಯುತ್ತದೆಂಬುದು ರೈತನ ಮಗುವಿಗೆ ಮನದಟ್ಟಾಗುತ್ತದೆ.

ಹಾಗಾದರೆ ಟ್ಯಾಬ್ಲೆಟ್ ಕೊಟ್ಟೊಡನೆ ಗಣಿತ ಬಂದೀತೆ? ಶಾಲೆಯ ಗಣಕಗಳಿಗಾಗಿ ಬಹಳ ವೆಚ್ಚಮಾಡಿದ ದೇಶಗಳಲ್ಲಿ ಗಣಿತದ ಫಲಿತಾಂಶ ಗಮನಾರ್ಹವಾಗಿ ಸುಧಾರಿಸಿಲ್ಲವೆಂದು ಒ.ಇ.ಸಿ.ಡಿ. ಸಂಸ್ಥೆಯ 2015ರ ವರದಿ ತಿಳಿಸಿತು. ಇದರಲ್ಲಿ ಆಶ್ಚರ್ಯವಿಲ್ಲ. ಕಾಣುವುದು ಬೇರೆ, ಸಾಧಿಸುವುದು ಬೇರೆ. ಅರ್ಧವೃತ್ತದ ಮೇಲಿನ ಬಿಂದುವನ್ನು ಎಲ್ಲಿಗೆ ಎಳೆದರೂ ಅಲ್ಲಿನ ಕೋನ 90 ಡಿಗ್ರಿಯೆಂದು ಪರದೆ ತೋರಿಸುತ್ತದೆ. ಏಕೆಂಬುದನ್ನು ತೋರಿಸದು. ಆ ಬಿಂದುವನ್ನು ಕೇಂದ್ರಕ್ಕೆ ಸೇರಿಸಿದರೆ ಎರಡು ಸಮದ್ವಿಬಾಹು ತ್ರಿಭುಜಗಳಾಗುತ್ತವೆ. ಅಲ್ಲಿಂದ ಮುಂದಕ್ಕೆ ಕಾಗದದ ಮೇಲೆ ತರ್ಕಿಸಬೇಕಾದವನು ವಿದ್ಯಾರ್ಥಿಯೇ.

ಅಂತೆಯೇ ಹೊಳಲ್ಕೆರೆಯ ಅಡಿಕೆ ಮರದ ಎತ್ತರವನ್ನು ಕೋನಮಾಪಕ, ದಾರ, ಕಲ್ಲುಗಳಿಂದ ಮಕ್ಕಳು ಮೊದಲು ತಾವೇ ಅಳೆಯಲಿ. ಹೊಸದುರ್ಗದ ಗಾಳಿಯಂತ್ರದ ಎತ್ತರವನ್ನು ದೂರದಿಂದಲೇ ಲೆಕ್ಕಹಾಕಲಿ. ಟ್ಯಾಬ್ಲೆಟ್ ಆಮೇಲೆ ಅವರ ಉತ್ತರವನ್ನು ಪರೀಕ್ಷಿಸಲಿ. ಉತ್ತರವನ್ನೇ ಮೊದಲು ಕೊಟ್ಟರೆ ಪ್ರಶ್ನೆ ಸತ್ತಂತೆಯೇ.

ಚಿತ್ರದುರ್ಗದ ಕಾಲೇಜುಗಳಲ್ಲಿ ಓದುತ್ತಿರುವ ನಮ್ಮಲ್ಲಿ ಕೆಲವರಾದರೂ ನಾಳೆ ಉಪಾಧ್ಯಾಯರಾಗುವವರು. ಉಪಕರಣವನ್ನು ಸರಕಾರ ಕೊಡಬಲ್ಲುದು, ‘ಏಕೆ?’ ಎಂದು ಕೇಳುವ ಅಭ್ಯಾಸವನ್ನು ಉಪಾಧ್ಯಾಯನೇ ಕೊಡಬೇಕು.