ರಾತ್ರಿಶಾಲೆ, ಸಿದ್ಧಪಾಠ ಮತ್ತು ಪರವೂರಿನ ದುಡಿಮೆ

ಫಲ್ಗುಣಿ ನದಿಯ ದಡದ ಕೂಳೂರನ್ನೂ ಒಳಗೊಂಡ ಕರಾವಳಿಯಿಂದ ಹೊಟ್ಟೆಪಾಡಿಗಾಗಿ ಮುಂಬಯಿ ಸೇರಿದ ಹುಡುಗರು ಹಗಲೆಲ್ಲ ಹೋಟೆಲಿನಲ್ಲಿ ಲೋಟ ತೊಳೆದು, ಸಂಜೆ ಒದ್ದೆ ಕೈ ಒರೆಸಿಕೊಂಡು ಕನ್ನಡ ರಾತ್ರಿಶಾಲೆಗಳ ಬೆಂಚಿನಲ್ಲಿ ಕೂರುತ್ತಿದ್ದರು. ಆ ಶಾಲೆಗಳನ್ನು ಕಟ್ಟಿದವರು ಅವರಿಗಿಂತ ಮೊದಲೇ ಅಲ್ಲಿ ನೆಲೆಯೂರಿದ್ದ ಊರವರೇ. 1902ರಲ್ಲಿ ಮುಂಬಯಿಯಲ್ಲಿ ಸ್ಥಾಪನೆಯಾದ ಮೊಗವೀರ ವ್ಯವಸ್ಥಾಪಕ ಮಂಡಳಿಯ ರಾತ್ರಿಶಾಲೆ ಇದಕ್ಕೆ ಹಳೆಯ ನಿದರ್ಶನ.

ದುಡಿಯುವವರ ವೇಳೆಗೆ ಶಾಲೆಯೇ ಹೊಂದಿಕೊಳ್ಳಬೇಕೆಂಬ ಈ ವಿಚಾರವು ಕರ್ನಾಟಕದಲ್ಲಿ 1969ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಅಂಚೆ ಶಿಕ್ಷಣವಾಗಿ, ಎಂದರೆ ಪಾಠವನ್ನು ಟಪಾಲಿನಲ್ಲಿ ಮನೆಗೆ ಕಳುಹಿಸುವ ಕ್ರಮವಾಗಿ ರೂಪುಗೊಂಡು, 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಗಿ ಬೆಳೆಯಿತು. ‘ಮುಕ್ತ’ ಎಂದರೆ ವಯಸ್ಸು, ವೇಳೆ, ಸ್ಥಳಗಳ ಕಟ್ಟು ಸಡಿಲವೆಂದೇ ಹೊರತು ಪರೀಕ್ಷೆ ಸಡಿಲವೆಂದಲ್ಲ. ಪರೀಕ್ಷೆಯೂ ಸಡಿಲವೆಂಬ ತಪ್ಪುಗ್ರಹಿಕೆ ಮಾತ್ರ ಇನ್ನೂ ಅಳಿದಿಲ್ಲ. ಅಧ್ಯಾಪಕರು ಎದುರಿಗಿಲ್ಲದಾಗಲೂ ಓದಿಕೊಳ್ಳಲು ಬರುವಂತೆ ರಚಿಸಿದ ಪುಸ್ತಕವೇ ‘ಸಿದ್ಧಪಾಠ’. ಅಲ್ಲಿ ಉಳಿದ ಸಂದೇಹಗಳನ್ನು ಮುಖಾಮುಖಿ ಬಗೆಹರಿಸುವುದು ‘ಸಂಪರ್ಕ ತರಗತಿ’.

ಅಂದು ಮುಂಬಯಿ ಸೇರಿದವರಂತೆಯೇ ದುಡಿಮೆಗಾಗಿ ಕೊಲ್ಲಿ ನಾಡುಗಳಲ್ಲಿರುವ ಕರಾವಳಿಗರ ಸಂಘಗಳು ಇಂದು ಊರಿನ ಮಕ್ಕಳಿಗೆ ವಿದ್ಯಾರ್ಥಿವೇತನ ನೀಡುತ್ತಿದ್ದು, ಅದರ ಒಂದು ಪಾಲು ಮನೆಗೆಲಸ ಮುಗಿಸಿ, ಸಿದ್ಧಪಾಠವನ್ನು ಚೀಲಕ್ಕೆ ಹಾಕಿಕೊಂಡು, ಸಂಪರ್ಕ ತರಗತಿಗೆಂದು ಮುಕ್ತ ವಿಶ್ವವಿದ್ಯಾನಿಲಯದ ಮಂಗಳೂರಿನ ಪ್ರಾದೇಶಿಕ ಕೇಂದ್ರಕ್ಕೆ ಬಸ್ಸು ಹತ್ತುವ ಗೃಹಿಣಿಯ ಪ್ರವೇಶ ಶುಲ್ಕಕ್ಕೂ ಸಲ್ಲುವುದು ನ್ಯಾಯ.