ಹಲ್ಲಿನ ಡಾಕ್ಟರ ಕುರ್ಚಿ ಯಾರ ಬೆನ್ನಿಗೆ?

ಬೆಂಗಳೂರಿನ ಕುಕ್ ಟೌನ್‌ನ ಕ್ಲೈನ್ ರಸ್ತೆಯಲ್ಲಿ ಎಂ.ಆರ್. ಅಂಬೇಡ್ಕರ್ ದಂತ ವೈದ್ಯಕೀಯ ಕಾಲೇಜು ಇದೆ. ಇಂಥ ಯಾವುದೇ ದಂತ ಕಾಲೇಜಿಗೆ ಹೋದವರು ನೋಡಿರುತ್ತಾರೆ: ದೊಡ್ಡ ಹಾಲಿನಲ್ಲಿ ಸಾಲಾಗಿ ಕುರ್ಚಿಗಳು, ಅದರಲ್ಲಿ ಬಾಯಿ ತೆರೆದು ಮಲಗಿದವರು, ಅವರ ತಲೆಯ ಬಳಿ ಬಿಳಿ ಕೋಟಿನ ವಿದ್ಯಾರ್ಥಿಗಳು, ಎಲ್ಲರ ಮೇಲೂ ಕಣ್ಣಿಟ್ಟು ಓಡಾಡುವ ಮೇಷ್ಟ್ರು. ಮಲಗಿದವರಿಗೆ ತಮ್ಮ ಹಲ್ಲಿನದೇ ಚಿಂತೆ. ಅವರೇನೋ ಅರ್ಧ ಗಂಟೆಯಲ್ಲಿ ಎದ್ದು ಮನೆಗೆ ಹೋಗುತ್ತಾರೆ. ಆ ವಿದ್ಯಾರ್ಥಿಯೋ, ಡಾಕ್ಟರಾದ ಮೇಲೆ ಮೂವತ್ತು ನಲವತ್ತು ವರ್ಷ ಅದೇ ಜಾಗದಲ್ಲಿ, ಒಂದು ಸಣ್ಣ ಗುಹೆಯೊಳಗೆ ಇಣುಕುತ್ತಲೇ ಇರಬೇಕು.

ಕತ್ತು, ಭುಜ, ಸೊಂಟದ ನೋವು ಹಲ್ಲಿನ ಡಾಕ್ಟರುಗಳ ಕಸುಬಿಗೆ ಅಂಟಿಕೊಂಡೇ ಬಂದ ಕಾಯಿಲೆ. ಅದರಿಂದಾಗಿ ಕೆಲಸ ಕಡಿಮೆ ಮಾಡಿಕೊಂಡವರಿದ್ದಾರೆ, ಬಿಟ್ಟೇಬಿಟ್ಟವರೂ ಇದ್ದಾರೆ. ಆ ಕೋಣೆಯ ಕುರ್ಚಿ, ಸ್ಟೂಲು, ದೀಪ, ಕನ್ನಡಿ ಈಗಿನ ರೂಪಕ್ಕೆ ಬಂದದ್ದರ ಹಿಂದೆ ಈ ನೋವಿನ ಕಥೆಯೂ ಇದೆ.

ಮಕ್ಕಳೇ, ನಂಬಿಕೆ ಬರದಿದ್ದರೆ ಮನೆಯಲ್ಲೇ ನೋಡಿ. ಅಜ್ಜನನ್ನು ಊಟದ ಮೇಜಿನ ಕುರ್ಚಿಯಲ್ಲಿ ನೆಟ್ಟಗೆ ಕೂರಿಸಿ, ಬಾಯಿ ತೆರೆಯಲು ಹೇಳಿ. ಎದುರಿಗೆ ನಿಂತು ಮೇಲಿನ ದವಡೆಯ ಕೊನೆಯ ಹಲ್ಲನ್ನು ಎಣಿಸಿ. (ಬಾಯೊಳಗೆ ಕೈ, ಚಮಚ ಏನೂ ಹಾಕಬೇಡಿ. ಅಜ್ಜ ಹಲ್ಲಿನ ಸೆಟ್ಟು ಹಾಕಿದ್ದರೆ ಅಜ್ಜಿಯನ್ನು ಕೇಳಿ.) ನೀವು ಬಗ್ಗುತ್ತೀರಿ, ಕತ್ತು ಓರೆ ಮಾಡುತ್ತೀರಿ, ಕೊನೆಗೆ ಮಂಡಿಯೂರುತ್ತೀರಿ. ಈಗ ಅಜ್ಜನನ್ನು ಮಂಚದ ಮೇಲೆ ಅಂಗಾತ ಮಲಗಿಸಿ, ತಲೆ ಮಂಚದ ತುದಿಗೆ ಬರಲಿ. ಅವರ ನೆತ್ತಿಯ ಹಿಂದೆ ಒಂದು ಸ್ಟೂಲು ಹಾಕಿಕೊಂಡು ಕುಳಿತು ನೋಡಿ. ನಿಮ್ಮ ಬೆನ್ನು ನೆಟ್ಟಗಿದೆ, ಬಾಯಿ ನಿಮ್ಮ ಕಣ್ಣ ಕೆಳಗೇ ಇದೆ. ಹಲ್ಲಿನ ಕುರ್ಚಿಯ ಇನ್ನೂರು ವರ್ಷದ ಇತಿಹಾಸವೆಂದರೆ ಊಟದ ಕುರ್ಚಿಯಿಂದ ಮಂಚಕ್ಕೆ ಬಂದ ಈ ಪಯಣವೇ.

ನಮ್ಮ ತಲೆಯ ತೂಕ ಹೆಚ್ಚು ಕಡಿಮೆ ಐದು ಕಿಲೋ, ಅಂದರೆ ಅಂಗಡಿಯಿಂದ ತರುವ ಒಂದು ಅಕ್ಕಿ ಚೀಲದಷ್ಟು. ನೆಟ್ಟಗಿದ್ದಾಗ ಬೆನ್ನುಮೂಳೆಯ ಮೇಲೆ ಅದು ಸುಮ್ಮನೆ ಕುಳಿತಿರುತ್ತದೆ. ಮುಂದಕ್ಕೆ ಬಾಗಿಸಿದರೆ ಕತ್ತಿನ ಹಿಂಬದಿಯ ಸ್ನಾಯುಗಳು ಅದನ್ನು ಬಿಡದೆ ಜಗ್ಗಿ ಹಿಡಿಯಬೇಕು. ತುಂಬಿದ ಕೊಡವನ್ನು ಸೊಂಟಕ್ಕೆ ಒತ್ತಿಕೊಂಡರೆ ಎಷ್ಟು ದೂರ ಬೇಕಾದರೂ ಹೊತ್ತೇವು; ಅದೇ ಕೊಡವನ್ನು ಕೈಚಾಚಿ ಹಿಡಿಯಲು ನೋಡಿ! ಅದಕ್ಕೇ ಕತ್ತು ಸುಮಾರು 20 ಡಿಗ್ರಿಗಿಂತ ಹೆಚ್ಚು ಬಾಗದಿರಲಿ ಎಂದು ದಂತ ವಿದ್ಯಾರ್ಥಿಗಳಿಗೆ ಹೇಳಿಕೊಡುತ್ತಾರೆ.

ಹಿಂದೆ ಹೀಗಿರಲಿಲ್ಲ. ಬೆಂಗಳೂರಿನ ಅಜ್ಜ ಅಜ್ಜಿಯರಿಗೆ ಕೆ.ಆರ್. ಮಾರುಕಟ್ಟೆಯ ಹತ್ತಿರ ಪಾದಚಾರಿ ದಾರಿಯಲ್ಲೇ ಕುಳಿತು ಹಲ್ಲಿನ ಸೆಟ್ಟು ಕಟ್ಟಿಕೊಡುತ್ತಿದ್ದವರ ನೆನಪಿರಬಹುದು. ಪೆಟ್ಟಿಗೆಯೇ ದವಾಖಾನೆ, ನೆಲವೇ ಕುರ್ಚಿ. ಅಮೆರಿಕದಲ್ಲಿ ಜೋಸೈಯಾ ಫ್ಲ್ಯಾಗ್ ಎಂಬ ಹಲ್ಲಿನ ವೈದ್ಯ 1790ರ ಸುಮಾರಿಗೆ ಮನೆಯ ಮರದ ಕುರ್ಚಿಗೇ ತಲೆ ಆನಿಸುವ ಒರಗನ್ನೂ, ಸಲಕರಣೆ ಇಡಲು ಅಗಲವಾದ ಒಂದು ತೋಳನ್ನೂ ಜೋಡಿಸಿದ್ದ. ರೋಗಿಯ ತಲೆಗೆ ಆಸರೆ ಸಿಕ್ಕಿತು, ಡಾಕ್ಟರ ತಲೆಗೆ ಸಿಗಲಿಲ್ಲ.

1871ರಲ್ಲಿ ಜೇಮ್ಸ್ ಮಾರಿಸನ್ ಎಂಬಾತ ಕಾಲಿನಿಂದ ತುಳಿಯುವ ಡ್ರಿಲ್‌ಗೆ ಪೇಟೆಂಟ್ ಪಡೆದ. ಅಜ್ಜಿಯ ಕಾಲದ ಹೊಲಿಗೆ ಯಂತ್ರದ ಹಾಗೆ ಪೆಡಲು ಒತ್ತಿದರೆ ತುದಿಯ ಸೂಜಿ ಗಿರಗಿರನೆ ತಿರುಗುತ್ತಿತ್ತು. ಹೊಲಿಯುವವರು ಕುಳಿತು ತುಳಿಯುತ್ತಾರೆ. ಹಲ್ಲಿನ ಡಾಕ್ಟರು ನಿಂತಿರುತ್ತಿದ್ದರು. ಅಂದರೆ ಒಂದು ಕಾಲಿನ ಮೇಲೆ ಇಡೀ ಮೈಭಾರ, ಇನ್ನೊಂದು ಕಾಲಲ್ಲಿ ತುಳಿತ, ಸೊಂಟದಿಂದ ಮೇಲೆ ರೋಗಿಯ ಬಾಯಿಗೆ ಬಾಗು! 1875ರಲ್ಲಿ ಜಾರ್ಜ್ ಗ್ರೀನ್ ವಿದ್ಯುತ್ ಡ್ರಿಲ್‌ಗೆ ಪೇಟೆಂಟ್ ಪಡೆದ. ಅದು ಎಲ್ಲೆಡೆ ಬಳಕೆಗೆ ಬಂದಂತೆ ಕಾಲಿಗೆ ಬಿಡುವು ಸಿಕ್ಕಿತು, ಬೆನ್ನಿಗೆ ಇಲ್ಲ.

ನಿಜವಾದ ತಿರುವು ಬಂದದ್ದು 1950ರ ದಶಕದಲ್ಲಿ. 1957ರಲ್ಲಿ ಜಾನ್ ಬೋರ್ಡನ್ ಎಂಬ ಅಮೆರಿಕದ ದಂತವೈದ್ಯ ಗಾಳಿಯ ಒತ್ತಡದಿಂದ ತಿರುಗುವ ಡ್ರಿಲ್ ತಂದ. ಅದರ ವೇಗ ನಿಮಿಷಕ್ಕೆ ಸುಮಾರು 3 ಲಕ್ಷ ಸುತ್ತು. 'ಕುಂಯ್' ಎಂದು ಕೇಳಿದೊಡನೆ ಮಕ್ಕಳು ಅಮ್ಮನ ಸೆರಗು ಹಿಡಿಯುವ ಸದ್ದು ಅದರದೇ. ಅಷ್ಟು ವೇಗದಲ್ಲಿ ಹಲ್ಲು ಬಿಸಿಯಾಗುತ್ತದೆ, ಆದ್ದರಿಂದ ನೀರು ಚಿಮ್ಮಿಸಬೇಕು. ನೀರು ಬಾಯಲ್ಲಿ ತುಂಬುತ್ತದೆ, ಆದ್ದರಿಂದ ಹೀರುವ ನಳಿಕೆ ಬೇಕು. ಡಾಕ್ಟರ ಎರಡು ಕೈಯಲ್ಲಿ ಡ್ರಿಲ್ಲೂ ಕನ್ನಡಿಯೂ ಇರುವಾಗ ನಳಿಕೆ ಹಿಡಿಯುವವರು ಯಾರು? ಎದುರು ಬದಿಯಲ್ಲಿ ಒಬ್ಬ ಸಹಾಯಕಿ ಬೇಕು. ನೀರನ್ನು ಹೀರಿ ತೆಗೆಯುವ ಏರ್ಪಾಡು ಆದಮೇಲೆ ರೋಗಿ ಕುಳಿತೇ ಇರಬೇಕೆಂಬ ಕಟ್ಟು ಉಳಿಯಲಿಲ್ಲ. 1958ರಲ್ಲಿ ಜಾನ್ ನಾಟನ್ ರೂಪಿಸಿದ ಪೂರ್ತಿ ಮಲಗಬಹುದಾದ ಕುರ್ಚಿ ಬಂತು. ರೋಗಿ ಮಲಗಿದ, ಡಾಕ್ಟರು ಕುಳಿತರು. ಬೆಂಗಳೂರಿನ ಸರ್ಕಾರಿ ದಂತ ವೈದ್ಯಕೀಯ ಕಾಲೇಜು ಆರಂಭವಾದದ್ದೂ ಅದೇ 1958ರಲ್ಲಿ.

ಕೂರುವುದೇನೋ ಸರಿ, ಬಾಯಿ ಎಷ್ಟು ಎತ್ತರದಲ್ಲಿರಬೇಕು? ಜಪಾನಿನಲ್ಲಿ ನೆಲೆಸಿದ್ದ ಡ್ಯಾರಿಲ್ ಬೀಚ್ ಎಂಬ ದಂತವೈದ್ಯ ಇದನ್ನು ಯಂತ್ರದ ಕಡೆಯಿಂದಲ್ಲ, ಮೈಯ ಕಡೆಯಿಂದ ಕೇಳಿದ. ಅವನ ದಾರಿ ನನಗೆ ಬಹಳ ಇಷ್ಟ. ಅಜ್ಜಿಯರಿಗೆ ಅದನ್ನು ವಿವರಿಸಲೇಬೇಕಿಲ್ಲ. ಸ್ಟೂಲಿನ ಮೇಲೆ ಸಡಿಲವಾಗಿ ಕುಳಿತು, ಕಣ್ಣು ಮುಚ್ಚಿ, ಸೂಜಿಗೆ ದಾರ ಪೋಣಿಸುವಂತೆ ಎರಡು ಕೈ ಸೇರಿಸಿ. ಕೈಗಳು ತಾವಾಗಿ ಬಂದು ನಿಲ್ಲುವುದು ಎದೆಯ ಮುಂದೆ, ಮೊಣಕೈ ಪಕ್ಕೆಗೆ ಹತ್ತಿರ, ಭುಜ ಇಳಿಬಿಟ್ಟಿರುತ್ತದೆ. ರೋಗಿಯ ಬಾಯಿ ಬರಬೇಕಾದ್ದು ಅಲ್ಲಿಗೇ. ಮೊದಲು ಕೈ ಎಲ್ಲಿ ಹಾಯಾಗಿರುತ್ತದೆ ಎಂದು ಕಂಡುಕೊಂಡು, ಆಮೇಲೆ ಅಲ್ಲಿಗೆ ಬಾಯಿಯನ್ನೂ ದೀಪವನ್ನೂ ಡ್ರಿಲ್ಲನ್ನೂ ತರಬೇಕು ಎಂದು ಅವನು ಹೇಳಿದ. ಈ ಯೋಚನೆಯಿಂದ ಹುಟ್ಟಿದ, ಹಾಸಿಗೆಯಂತೆ ಚಪ್ಪಟೆಯಾದ ಕುರ್ಚಿಯನ್ನು 1964ರಲ್ಲಿ ಜಪಾನಿನ ಮೊರಿಟಾ ಕಂಪನಿ ಮಾರುಕಟ್ಟೆಗೆ ತಂದಿತು.

ಇನ್ನು ಯಾರು ಎಲ್ಲಿ ಕೂರಬೇಕು? ಅದಕ್ಕೆ ಗಡಿಯಾರದ ಲೆಕ್ಕವಿದೆ. ರೋಗಿಯ ಬಾಯಿಯೇ ಗಡಿಯಾರದ ನಡುಬಿಂದು ಎಂದುಕೊಳ್ಳಿ, ನೆತ್ತಿ 12 ಗಂಟೆ, ಕಾಲು 6 ಗಂಟೆ. ಬಲಗೈಯ ಡಾಕ್ಟರು ಸಾಮಾನ್ಯವಾಗಿ 9ರಿಂದ 12ರ ನಡುವೆ ಓಡಾಡುತ್ತಾರೆ, ಸಹಾಯಕಿ 2ರಿಂದ 4ರ ನಡುವೆ. ಸಲಕರಣೆ ಕೈ ಬದಲಾಗುವುದು ಗಲ್ಲದ ಕೆಳಗೆ, ಎದೆಯ ಮೇಲೆ. ಕಣ್ಣಿನ ಮೇಲಿಂದ ಚೂಪಾದದ್ದು ಹಾದುಹೋಗಬಾರದಲ್ಲ! ಮೇಲಿನ ಹಲ್ಲಿನ ಕೆಲಸವಿದ್ದರೆ ಹೆಡ್‌ರೆಸ್ಟ್ ಹಿಂದಕ್ಕೆ ಬಾಗಿ ನಿಮ್ಮ ಗಲ್ಲ ಮೇಲೇಳುತ್ತದೆ, ಕೆಳಗಿನದಾದರೆ ಗಲ್ಲ ಇಳಿಯುತ್ತದೆ. ಆದರೂ ಕಾಣದ ಮೂಲೆಗೆ ಆ ಪುಟ್ಟ ದುಂಡು ಕನ್ನಡಿ ಇದೆ. ಬಾಯೊಳಗೆ ಕನ್ನಡಿ ತಿರುಗಿದಷ್ಟೂ ಡಾಕ್ಟರ ಕತ್ತು ತಿರುಗುವುದು ತಪ್ಪುತ್ತದೆ. ದೀಪವನ್ನೂ ಡಾಕ್ಟರ ನೋಟದ ಸಾಲಿನಲ್ಲೇ ಹಿಡಿಯಬೇಕು, ಇಲ್ಲದಿದ್ದರೆ ಅವರ ಕೈಯ ನೆರಳೇ ಹಲ್ಲಿನ ಮೇಲೆ ಬೀಳುತ್ತದೆ. ನೆರಳು ತಪ್ಪಿಸಲು ಅವರು ಮತ್ತೆ ಬಗ್ಗುತ್ತಾರೆ. ಸಲಕರಣೆಯ ಹಿಡಿಯಲ್ಲೂ ಲೆಕ್ಕವಿದೆ. ಸಪೂರವಾದ ಹಿಡಿಯನ್ನು ಬಿಗಿಯಾಗಿ ಚಿವುಟಬೇಕು, ಸುಮಾರು 10 ಮಿಲಿಮೀಟರ್ ದಪ್ಪದ ಹಗುರ ಹಿಡಿ ಬೆರಳಿಗೆ ಹಾಯಿ. ನಿಮ್ಮ ಪೆನ್ಸಿಲು ಅದಕ್ಕಿಂತ ಸಣ್ಣದು. ಪರೀಕ್ಷೆಯಲ್ಲಿ ಮೂರು ಗಂಟೆ ಬರೆದು ಬೆರಳು ಉಜ್ಜಿಕೊಂಡವರಿಗೆ ಇದು ಬೇಗ ಅರ್ಥವಾದೀತು.

ಇಷ್ಟೆಲ್ಲ ಇದ್ದೂ ನೋವು ಏಕೆ ಹೋಗಿಲ್ಲ? ಕುರ್ಚಿಯಲ್ಲಿ ಗುಂಡಿ ಇದ್ದರೆ ಸಾಲದು, ಒತ್ತಬೇಕು. ರೋಗಿಗೆ ತೊಂದರೆಯಾದೀತೆಂದು ಎಷ್ಟೋ ಡಾಕ್ಟರುಗಳು ಕುರ್ಚಿ ಅಲ್ಲಾಡಿಸದೆ ತಾವೇ ಬಗ್ಗಿಬಿಡುತ್ತಾರೆ. ಇನ್ನೊಂದು ಕಾರಣ ಅಳತೆಯದು. ಎತ್ತರದ ಮೈಯನ್ನು ನೆನೆದು ಮಾಡಿದ ಸ್ಟೂಲಿನಲ್ಲಿ ಗಿಡ್ಡ ಹುಡುಗಿ ಕುಳಿತರೆ ಪಾದ ನೆಲ ಮುಟ್ಟುವುದಿಲ್ಲ, ರೋಗಿಯ ಕುರ್ಚಿ ಸಾಕಷ್ಟು ಕೆಳಗಿಳಿಯದಿದ್ದರೆ ಅವಳ ಭುಜಗಳು ಇಡೀ ದಿನ ಕಿವಿಯ ಹತ್ತಿರವೇ ಇರುತ್ತವೆ. ನಮ್ಮ ದಂತ ಕಾಲೇಜುಗಳಲ್ಲಿ ಬಹಳಷ್ಟು ಮಂದಿ ಹುಡುಗಿಯರೇ ಎಂಬುದನ್ನು ಕೊಳ್ಳುವವರು ನೆನಪಿಡಬೇಕು. ಎಡಗೈಯವರ ಪಾಡು ಇನ್ನೂ ಕಷ್ಟ. ಅವರ ಗಡಿಯಾರ ತಿರುವುಮುರುವು, 12ರಿಂದ 3. ಆದರೆ ಟ್ರೇ, ಡ್ರಿಲ್ಲು, ಉಗುಳುವ ಬಟ್ಟಲು ಎಲ್ಲ ಬಲಗೈಯವರಿಗೆ ಜೋಡಿಸಿದ ಕಡೆಗೇ ಇರುತ್ತವೆ. ಎರಡೂ ಕಡೆಗೆ ತಿರುಗುವ ಕುರ್ಚಿಗಳು ಬಂದಿವೆ, ಬೆಲೆ ಹೆಚ್ಚು.

ಹಾಗೆಯೇ, ಡಾಕ್ಟರ ಬೆನ್ನಿಗೆ ಒಳ್ಳೆಯದಾದ ಚಪ್ಪಟೆ ಕುರ್ಚಿ ಎಲ್ಲ ರೋಗಿಗಳಿಗೂ ಒಳ್ಳೆಯದಲ್ಲ. ಅಜ್ಜ ಅಜ್ಜಿಯರೇ, ಇದು ನಿಮಗೆ. ಬೆನ್ನು ಗೂನಾಗಿದ್ದರೆ ತಲೆ ಹಿಂದಕ್ಕೆ ಹೋಗುವುದಿಲ್ಲ. ಕತ್ತಿನ ಕೆಳಗೆ ಒಂದು ಸಣ್ಣ ದಿಂಬೋ ಸುತ್ತಿದ ಟವೆಲೋ ಕೇಳಿ ಇಡಿಸಿಕೊಳ್ಳಿ. ಮಲಗಿದರೆ ಉಸಿರು ಕಟ್ಟುವವರು, ಹುಳಿ ತೇಗು ಬರುವವರು ಮೊದಲೇ ಹೇಳಿ, ಕುರ್ಚಿಯನ್ನು ಅರ್ಧಕ್ಕೆ ನಿಲ್ಲಿಸುತ್ತಾರೆ. ಕಿವಿಯ ಯಂತ್ರ ಹೆಡ್‌ರೆಸ್ಟಿಗೆ ತಾಗಿ ಸಿಳ್ಳೆ ಹಾಕಿದರೆ ಅದನ್ನೂ ಹೇಳಿ. ಎಲ್ಲಕ್ಕಿಂತ ಮುಖ್ಯ, ಕೆಲಸ ಮುಗಿದೊಡನೆ ದಡಕ್ಕನೆ ಏಳಬೇಡಿ. ಮಲಗಿದ್ದವರು ಒಮ್ಮೆಲೇ ನಿಂತರೆ ರಕ್ತದೊತ್ತಡ ಇಳಿದು ತಲೆ ಸುತ್ತುತ್ತದೆ, ಒತ್ತಡದ ಮಾತ್ರೆ ತೆಗೆದುಕೊಳ್ಳುವವರಿಗೆ ಇನ್ನೂ ಹೆಚ್ಚು. ಕುರ್ಚಿ ನೆಟ್ಟಗಾದ ಮೇಲೆ ಎರಡು ನಿಮಿಷ ಕಾಲು ಕೆಳಬಿಟ್ಟು ಕೂರಿ. ಹಿಂದೆ ಎಷ್ಟು ಜನ ಕಾಯುತ್ತಿದ್ದರೂ ಸರಿ.

ಉಗುಳುವ ಬಟ್ಟಲು ಬೇಡ, ಹೀರುವ ನಳಿಕೆಯೇ ಸಾಕು ಎಂದು ಹೊಸ ವಿನ್ಯಾಸಕಾರರು ಹೇಳುತ್ತಾರೆ. ಬಟ್ಟಲಿಗಾಗಿ ಪದೇ ಪದೇ ಎದ್ದು ತಿರುಗುವುದು ರೋಗಿಗೂ ಕಷ್ಟ, ಕೆಲಸಕ್ಕೂ ಅಡ್ಡಿ ಎಂಬುದು ಅವರ ವಾದ. ವಾದ ಸರಿಯೇ. ಆದರೂ ಬಾಯಿ ಮುಕ್ಕಳಿಸಿ ಉಗುಳದೆ ಹಲ್ಲಿನ ಡಾಕ್ಟರ ಬಳಿಯಿಂದ ಬಂದರೆ ನಮ್ಮ ಕಡೆಯ ಹಿರಿಯರಿಗೆ ಕೆಲಸ ಮುಗಿದ ಹಾಗೇ ಅನ್ನಿಸುವುದಿಲ್ಲ.

ಮಕ್ಕಳಿಗೆ ಆ ಕುರ್ಚಿ ದೊಡ್ಡದು. ಹೆಡ್‌ರೆಸ್ಟಿಗೆ ತಲೆ ತಲುಪುವಂತೆ ಮೇಲಕ್ಕೆ ಸರಿದುಕೊಳ್ಳಿ, ಡಾಕ್ಟರು ಅರ್ಧ ಕುರ್ಚಿ ದಾಟಿ ಬಗ್ಗುವುದು ತಪ್ಪುತ್ತದೆ. ಎರಡು ಮೂರು ವರ್ಷದ ಕೂಸಿಗಾದರೆ ಕುರ್ಚಿಯೇ ಬೇಡ. ಅಮ್ಮ ಮತ್ತು ಡಾಕ್ಟರು ಎದುರುಬದುರು ಮಂಡಿಗೆ ಮಂಡಿ ತಾಗಿಸಿ ಕೂರುತ್ತಾರೆ, ಮಗುವನ್ನು ಇಬ್ಬರ ತೊಡೆಯ ಮೇಲೆ ಮಲಗಿಸಿ ತಲೆಯನ್ನು ಡಾಕ್ಟರ ಮಡಿಲಿಗೆ ಕೊಡುತ್ತಾರೆ. ದಂತವೈದ್ಯ ಪುಸ್ತಕಗಳಲ್ಲಿ ಹೇಳಿಕೊಡುವ ಪದ್ಧತಿಯಿದು. ಕಾಲು ಚಾಚಿ ಕುಳಿತು, ಕಾಲ ಮೇಲೆ ಮೊಮ್ಮಗುವನ್ನು ಮಲಗಿಸಿಕೊಂಡು ಎಣ್ಣೆ ನೀರು ಹಾಕುವ ಅಜ್ಜಿಗೆ ಇದು ಹೊಸದೇನಲ್ಲ.

ಕೊನೆಗೆ ಉಳಿದವರು ಸಹಾಯಕಿ. ಅವರಿಗೂ ಒಂದು ಸ್ಟೂಲು ಇದೆ, ಚೆನ್ನಾಗಿಯೇ ಯೋಚಿಸಿ ಮಾಡಿದ್ದು. ಬಾಯೊಳಗೆ ಮೇಲಿಂದ ಕಾಣುವಂತೆ ಅದು ಡಾಕ್ಟರ ಸ್ಟೂಲಿಗಿಂತ 10ರಿಂದ 15 ಸೆಂಟಿಮೀಟರ್ ಎತ್ತರ, ಪಾದ ಊರಲು ಕೆಳಗೊಂದು ಉಂಗುರ. ಆದರೂ ನಮ್ಮಲ್ಲಿ ಎಷ್ಟೋ ಸಹಾಯಕಿಯರು ಬೆಳಗಿನಿಂದ ಸಂಜೆಯವರೆಗೆ ನಿಂತೇ, ಪಕ್ಕಕ್ಕೆ ಬಾಗಿಯೇ ನಳಿಕೆ ಹಿಡಿಯುತ್ತಾರೆ. ಮುಂದಿನ ಸಲ ಹೋದಾಗ ಆ ಎತ್ತರದ ಸ್ಟೂಲು ಕೋಣೆಯಲ್ಲಿದೆಯೇ ನೋಡಿ. ಇದ್ದರೆ ಅದರ ಮೇಲೆ ಕುಳಿತಿರುವುದು ಅವರೋ, ಹತ್ತಿಯ ಡಬ್ಬವೋ ಎಂಬುದನ್ನೂ ನೋಡಿ.