ನಗರದೊಳಗೊಂದು ನಗರ: ಪುಣೆ ಕ್ಯಾಂಪ್ ಮತ್ತು ನಾಳಿನ ನಗರಜೀವನ

1950ರಲ್ಲಿ ಜಗತ್ತಿನ ಜನರಲ್ಲಿ ಶೇಕಡಾ 30ರಷ್ಟು ಮಂದಿ ಮಾತ್ರ ನಗರವಾಸಿಗಳಾಗಿದ್ದರು. ವಿಶ್ವಸಂಸ್ಥೆಯು 2018ರಲ್ಲಿ ಪ್ರಕಟಿಸಿದ ಅಂದಾಜಿನಂತೆ, ಆ ವೇಳೆಗೆ ಈ ಪ್ರಮಾಣ ಶೇಕಡಾ 55ಕ್ಕೆ ಏರಿತ್ತು. 2050ರ ಹೊತ್ತಿಗೆ ಅದು ಶೇಕಡಾ 68ನ್ನು ಮುಟ್ಟುವ ಸಂಭವವಿದೆ. 2018ರಿಂದ 2050ರವರೆಗಿನ ಅವಧಿಯಲ್ಲಿ ಭಾರತವೊಂದರಲ್ಲಿಯೇ ಸುಮಾರು 41 ಕೋಟಿ 60 ಲಕ್ಷ ಮಂದಿ ಹೊಸದಾಗಿ ನಗರವಾಸಿಗಳ ಸಾಲಿಗೆ ಸೇರುವರೆಂದು ಅದೇ ಅಂದಾಜು ತಿಳಿಸುತ್ತದೆ. ಇಷ್ಟು ಜನರಿಗೆ ನೆಲ, ನೀರು, ವಸತಿ ಮತ್ತು ಸಂಚಾರ ವ್ಯವಸ್ಥೆಯನ್ನು ಒದಗಿಸುವುದು ಹೇಗೆ? ಅದನ್ನು ಒದಗಿಸುವ ಹೊಣೆ ಯಾರದು? ಈ ಎರಡು ಪ್ರಶ್ನೆಗಳೂ ಒಂದೇ ಕಡೆ ಸ್ಪಷ್ಟವಾಗಿ ಕಾಣಬರುವ ಸ್ಥಳಗಳಲ್ಲಿ ಪುಣೆ ಕ್ಯಾಂಪ್ ಒಂದು.

ದಂಡಿನಿಂದ ಪೇಟೆಗೆ

1817ರ ನವೆಂಬರ್ 5ರಂದು ಖಡಕಿಯಲ್ಲಿ ನಡೆದ ಯುದ್ಧದ ತರುವಾಯ ಪುಣೆ ಪೇಶ್ವೆಯವರ ಕೈತಪ್ಪಿ ಬ್ರಿಟಿಷರ ವಶವಾಯಿತು. ಕಸಬಾ, ಶುಕ್ರವಾರ ಮೊದಲಾದ ಪೇಟೆಗಳಿಂದ ಕೂಡಿದ ಹಳೆಯ ನಗರದ ಪೂರ್ವಕ್ಕೆ ಬ್ರಿಟಿಷರ ಸೈನ್ಯ ಬೀಡುಬಿಟ್ಟಿತು. ಜನರ ಬಾಯಲ್ಲಿ ಅದು ‘ಲಷ್ಕರ್’ ಅಥವಾ ‘ಕ್ಯಾಂಪ್’ ಎನಿಸಿತು. ಕನ್ನಡದಲ್ಲಿ ಹೇಳುವುದಾದರೆ ‘ದಂಡು’. ಹಳೆಯ ಪೇಟೆಗಳಲ್ಲಿ ಮನೆಗೆ ಮನೆ ತಾಗಿಕೊಂಡಿದ್ದರೆ, ದಂಡಿನಲ್ಲಿ ಅಗಲವಾದ ರಸ್ತೆಗಳು, ಕವಾಯತು ಮೈದಾನಗಳು, ವಿಶಾಲವಾದ ಆವರಣವುಳ್ಳ ಬಂಗಲೆಗಳು ಇದ್ದವು. ಸೈನ್ಯಕ್ಕೆ ಸರಕು ಒದಗಿಸುವ ವರ್ತಕರಿಗಾಗಿ ಸದರ್ ಬಜಾರ್ ಹುಟ್ಟಿಕೊಂಡಿತು. ಪಾರ್ಸಿಗಳು, ಬೋಹ್ರಾಗಳು, ಯಹೂದಿಗಳು, ದಕ್ಷಿಣ ಭಾರತದ ಕುಟುಂಬಗಳು ಇಲ್ಲಿ ನೆಲೆಸಿದರು. ಡೇವಿಡ್ ಸಸೂನ್ ಕಟ್ಟಿಸಲು ತೊಡಗಿದ, 1867ರಲ್ಲಿ ಪೂರ್ಣಗೊಂಡ ಯಹೂದಿ ಪ್ರಾರ್ಥನಾಮಂದಿರವು ‘ಲಾಲ್ ದೇವಳ್’ ಎಂಬ ಹೆಸರಿನಲ್ಲಿ ಇಂದಿಗೂ ಪ್ರಸಿದ್ಧವಾಗಿದೆ.

ಸುತ್ತಲೂ ಬೆಳೆದ ಮಹಾನಗರ

1858ರಲ್ಲಿ ಬಂದ ರೈಲು, 1949ರಲ್ಲಿ ಸ್ಥಾಪಿತವಾದ ವಿಶ್ವವಿದ್ಯಾಲಯ, ಪಿಂಪ್ರಿ ಭಾಗದ ಕಾರ್ಖಾನೆಗಳು, ಅನಂತರ ಹಿಂಜವಡಿಯ ಮಾಹಿತಿ ತಂತ್ರಜ್ಞಾನ ಉದ್ಯಮ ಇವೆಲ್ಲವೂ ಪುಣೆಯನ್ನು ಹಿಗ್ಗಿಸಿದವು. 2011ರ ಜನಗಣತಿಯಲ್ಲಿ ಮಹಾನಗರಪಾಲಿಕೆಯ ಜನಸಂಖ್ಯೆ 31 ಲಕ್ಷವನ್ನೂ, ಪಿಂಪ್ರಿ-ಚಿಂಚ್‌ವಡ ಮತ್ತು ದಂಡು ಪ್ರದೇಶಗಳನ್ನೊಳಗೊಂಡ ನಗರ ಸಮೂಹದ ಜನಸಂಖ್ಯೆ 50 ಲಕ್ಷವನ್ನೂ ದಾಟಿತ್ತು. 1950ರಲ್ಲಿ ರಚಿತವಾದ ಪಾಲಿಕೆಯು 1997, 2017 ಮತ್ತು 2021ರಲ್ಲಿ ಸುತ್ತಲಿನ ಹಳ್ಳಿಗಳನ್ನು ತನ್ನೊಳಗೆ ಸೇರಿಸಿಕೊಂಡಿತು. 2021ರಲ್ಲಿ 23 ಹಳ್ಳಿಗಳು ಸೇರಿದಾಗ ಅದರ ವಿಸ್ತೀರ್ಣ 500 ಚದರ ಕಿಲೋಮೀಟರ್ ಮೀರಿತು. ಹೀಗೆ ಒಂದು ಕಾಲಕ್ಕೆ ಊರ ಹೊರಗಿದ್ದ ದಂಡು ಇಂದು ನಗರದ ನಡುವೆ ಬಂದು ನಿಂತಿದೆ.

ನೀರಿನ ಪಾಠ

ನಗರದ ಬೆಳವಣಿಗೆಗೆ ಮೊದಲ ಮಿತಿ ನೀರು. ಪುಣೆಗೂ ದಂಡಿಗೂ ನೀರುಣಿಸಲು ಖಡಕ್‌ವಾಸಲಾ ಅಣೆಕಟ್ಟನ್ನು 19ನೆಯ ಶತಮಾನದಲ್ಲಿ ಕಟ್ಟಲಾಯಿತು. ಪುಣೆಯಲ್ಲಿಯೇ ಎಂಜಿನಿಯರಿಂಗ್ ವ್ಯಾಸಂಗ ಮಾಡಿದ ಎಂ. ವಿಶ್ವೇಶ್ವರಯ್ಯನವರು ತಾವು ರೂಪಿಸಿದ ಸ್ವಯಂಚಾಲಿತ ಬಾಗಿಲುಗಳನ್ನು 1903ರಲ್ಲಿ ಅಳವಡಿಸಿದ್ದು ಇಲ್ಲಿಯೇ. ಕಟ್ಟೆಯನ್ನು ಎತ್ತರಿಸದೆಯೇ ಹೆಚ್ಚು ನೀರನ್ನು ಹಿಡಿದಿಡುವುದೂ, ಪ್ರವಾಹ ಬಂದಾಗ ಹೆಚ್ಚುವರಿ ನೀರನ್ನು ತಾನಾಗಿಯೇ ಹೊರಬಿಡುವುದೂ ಆ ಬಾಗಿಲುಗಳ ಉದ್ದೇಶವಾಗಿತ್ತು. ಇರುವುದನ್ನು ಜಾಣ್ಮೆಯಿಂದ ಬಳಸುವ ಈ ನೀತಿ ಇಂದಿನ ನಗರಗಳಿಗೂ ಅನ್ವಯಿಸುತ್ತದೆ.

ಎಚ್ಚರ ತಪ್ಪಿದರೆ ಏನಾಗುವುದೆಂಬುದನ್ನೂ ಇದೇ ನಗರ ಕಂಡಿದೆ. 1961ರ ಜುಲೈ 12ರಂದು ಪಾನ್‌ಶೇತ್ ಅಣೆಕಟ್ಟು ಒಡೆದು, ಅದರ ರಭಸಕ್ಕೆ ಖಡಕ್‌ವಾಸಲಾ ಕಟ್ಟೆಯೂ ಕುಸಿದಾಗ ಮುಠಾ ನದಿಯ ದಡದ ಬಡಾವಣೆಗಳು ಜಲಾವೃತವಾದವು. 2019ರ ಸೆಪ್ಟೆಂಬರ್ 25ರ ರಾತ್ರಿ ಸುರಿದ ಭಾರಿ ಮಳೆಗೆ ಆಂಬಿಲ್ ಓಢಾ ಎಂಬ ಹಳ್ಳ ಉಕ್ಕಿ ಪ್ರಾಣಹಾನಿಯಾಯಿತು. ಹಳ್ಳಗಳ ಪಾತ್ರವನ್ನು ಕಿರಿದುಗೊಳಿಸಿ ನೆಲವನ್ನೆಲ್ಲ ಕಾಂಕ್ರೀಟಿನಿಂದ ಮುಚ್ಚಿದರೆ ಮಳೆನೀರಿಗೆ ಇಂಗಲು ಸ್ಥಳವಿರುವುದಿಲ್ಲ. ದಂಡಿನ ಮೈದಾನಗಳು ಮತ್ತು ಮರಗಳ ಸಾಲು ಈ ದೃಷ್ಟಿಯಿಂದ ಇಡೀ ನಗರಕ್ಕೆ ಉಪಕಾರಿಯಾಗಿವೆ.

ಆಡಳಿತದ ತೊಡಕು

ದಂಡು ಪ್ರದೇಶದ ಪೌರಾಡಳಿತವು ರಕ್ಷಣಾ ಸಚಿವಾಲಯದ ಅಧೀನದಲ್ಲಿರುವ ದಂಡು ಮಂಡಳಿಗೆ ಸೇರಿದೆ. ಮೊದಲು 1924ರ ಕಾಯಿದೆಯೂ, ಈಗ 2006ರ ದಂಡು ಪ್ರದೇಶಗಳ ಕಾಯಿದೆಯೂ ಇದಕ್ಕೆ ಆಧಾರ. ಅನೇಕ ಹಳೆಯ ಬಂಗಲೆಗಳಲ್ಲಿ ಕಟ್ಟಡ ಮಾತ್ರ ನಿವಾಸಿಯದು, ನೆಲ ಸರ್ಕಾರದ್ದು. ಆದುದರಿಂದ ದುರಸ್ತಿ, ಮಾರಾಟ, ಪುನರ್ನಿರ್ಮಾಣಗಳಿಗೆ ಕಟ್ಟುನಿಟ್ಟಾದ ನಿಯಮಗಳಿವೆ. ಇದರಿಂದ ಬಯಲು ಪ್ರದೇಶ ಉಳಿದಿದೆ ಎಂಬುದು ಲಾಭ. ಕುಟುಂಬಗಳು ಬೆಳೆದರೂ ಮನೆಗಳು ಬೆಳೆಯಲಾರವು ಎಂಬುದು ಕಷ್ಟ.

ಬಜಾರಿನ ಭಾಗದಲ್ಲಿ ದಟ್ಟಣೆಯೇ ಅಪಾಯ. 2021ರ ಮಾರ್ಚ್ ತಿಂಗಳಲ್ಲಿ ಶಿವಾಜಿ ಮಾರುಕಟ್ಟೆಗೆ ಬೆಂಕಿ ತಗುಲಿತು. ಅದೇ ತಿಂಗಳು ಫ್ಯಾಷನ್ ಸ್ಟ್ರೀಟಿನಲ್ಲಿ ನೂರಾರು ಸಣ್ಣ ಮಳಿಗೆಗಳು ಭಸ್ಮವಾಗಿ ಅಷ್ಟೂ ಕುಟುಂಬಗಳ ಜೀವನೋಪಾಯಕ್ಕೆ ಧಕ್ಕೆಯಾಯಿತು. ಬೀದಿವ್ಯಾಪಾರವು ನಗರದ ಬಡವರಿಗೆ ಆಸರೆ. ಆದರೆ ಅಗ್ನಿಶಾಮಕ ವಾಹನ ಒಳಹೋಗಲು ದಾರಿಯಿಲ್ಲದ ಮಾರುಕಟ್ಟೆ ಅದೇ ಬಡವರಿಗೆ ಗಂಡಾಂತರಕಾರಿ.

ಮಂಡಳಿಯ ಹಣಕಾಸಿಗೂ ಪೆಟ್ಟು ಬಿದ್ದಿದೆ. 2017ರ ಜುಲೈ 1ರಿಂದ ಸರಕು ಮತ್ತು ಸೇವಾ ತೆರಿಗೆ ಜಾರಿಗೆ ಬಂದಾಗ, ಸರಕಿನ ಪ್ರವೇಶದ ಮೇಲಿನ ಸ್ಥಳೀಯ ಕರಗಳು ಕೊನೆಗೊಂಡವು. ಜೊತೆಗೆ, 2015ರ ಚುನಾವಣೆಯಲ್ಲಿ ಆಯ್ಕೆಯಾದ ಸದಸ್ಯರ ಅವಧಿಯು ವಿಸ್ತರಣೆಗಳ ನಂತರ 2021ರಲ್ಲಿ ಮುಗಿಯಿತು; 2023ರ ಏಪ್ರಿಲ್ 30ಕ್ಕೆ ಗೊತ್ತಾಗಿದ್ದ ಚುನಾವಣೆ ರದ್ದಾಯಿತು. ಚರಂಡಿಯ ದೂರನ್ನು ಯಾರ ಮುಂದೆ ಇಡಬೇಕೆಂಬುದು ನಾಗರಿಕನಿಗೆ ಸಣ್ಣ ಪ್ರಶ್ನೆಯಲ್ಲ.

ವಿಲೀನದ ಮಾರ್ಗ

ದಂಡು ಪ್ರದೇಶಗಳ ನಾಗರಿಕ ಭಾಗಗಳನ್ನು ನೆರೆಯ ನಗರಸಭೆಗಳಲ್ಲಿ ವಿಲೀನಗೊಳಿಸುವ ಪ್ರಕ್ರಿಯೆಗೆ ಕೇಂದ್ರ ಸರ್ಕಾರ ಚಾಲನೆ ನೀಡಿದೆ. 2023ರ ಏಪ್ರಿಲ್‌ನಲ್ಲಿ ಹಿಮಾಚಲ ಪ್ರದೇಶದ ಯೋಲ್ ದಂಡು ಪ್ರದೇಶದ ನಾಗರಿಕ ಭಾಗವನ್ನು ಬೇರ್ಪಡಿಸಲಾಯಿತು. ಪುಣೆ ಕ್ಯಾಂಪ್, ಕರ್ನಾಟಕದ ಬೆಳಗಾವಿ ದಂಡು ಇವೆಲ್ಲವೂ ಈ ಪ್ರಶ್ನೆಯನ್ನು ಎದುರಿಸುತ್ತಿವೆ.

ಕನ್ನಡ ನಾಡಿಗೆ ಇದು ಹೊಸ ಅನುಭವವಲ್ಲ. 1809ರಲ್ಲಿ ಸ್ಥಾಪಿತವಾದ ಬೆಂಗಳೂರು ದಂಡಿನ ಪೌರಾಡಳಿತವನ್ನು 1949ರಲ್ಲಿ ಹಳೆಯ ನಗರದೊಂದಿಗೆ ಕೂಡಿಸಿ ಒಂದೇ ಪಾಲಿಕೆಯನ್ನು ರಚಿಸಲಾಯಿತು. ಕೋಟೆ-ಪೇಟೆಯ ಬೆಂಗಳೂರೂ ದಂಡಿನ ಬೆಂಗಳೂರೂ ಒಂದಾದವು. ಆದರೆ ತರುವಾಯದ ದಶಕಗಳಲ್ಲಿ ದಂಡಿನ ಅನೇಕ ಬಂಗಲೆಗಳೂ ತೋಟಗಳೂ ಬಹುಮಹಡಿ ಕಟ್ಟಡಗಳಿಗೆ ಎಡೆಮಾಡಿಕೊಟ್ಟವು. ಆಡಳಿತ ಒಂದಾಗುವುದರಿಂದ ಬಯಲು ತಾನಾಗಿ ಉಳಿಯುವುದಿಲ್ಲ. ಅದಕ್ಕೆ ಪ್ರತ್ಯೇಕ ರಕ್ಷಣೆ ಅವಶ್ಯ.

ಮುಂದಿನ ಹೊಣೆ

ಪುಣೆಯಲ್ಲಿ 2022ರ ಮಾರ್ಚ್ 6ರಂದು ಮೆಟ್ರೋ ಸಂಚಾರ ಆರಂಭವಾಯಿತು. ಕಾಗದ ಆಯುವವರ ಸಂಘಟನೆಯು 1993ರಲ್ಲಿ ಇಲ್ಲಿಯೇ ರೂಪುಗೊಂಡು, ಮುಂದೆ ಅದರಿಂದ ಹುಟ್ಟಿದ ‘ಸ್ವಚ್ಛ್’ ಸಹಕಾರ ಸಂಘವು ಮನೆಮನೆಯ ಕಸ ಸಂಗ್ರಹಣೆಯನ್ನು ಘನತೆಯ ಉದ್ಯೋಗವಾಗಿಸಿತು. ರೈಲು, ಕೊಳವೆ, ರಸ್ತೆಗಳಷ್ಟೇ ಮುಖ್ಯವಾದುದು ಜನರ ಸಹಭಾಗಿತ್ವ ಎಂಬುದಕ್ಕೆ ಇದು ನಿದರ್ಶನ.

ಪುಣೆ ಕ್ಯಾಂಪಿನ ಗಡಿ ಎಲ್ಲಿ ನಿಂತರೂ ಅಲ್ಲಿಯ ನಿವಾಸಿಗೆ ಬೇಕಾದದ್ದು ನಾಲ್ಕು: ಶುದ್ಧವಾದ ನೀರು, ಸುರಕ್ಷಿತವಾದ ಮಾರುಕಟ್ಟೆ, ಮಕ್ಕಳು ಆಡಲು ಬಯಲು ಮತ್ತು ತನ್ನ ಮಾತಿಗೆ ಉತ್ತರ ಕೊಡುವ ಚುನಾಯಿತ ಪ್ರತಿನಿಧಿ. ವಿಲೀನವಾಗಲಿ, ಬೇರೆ ವ್ಯವಸ್ಥೆಯಾಗಲಿ, ಈ ನಾಲ್ಕನ್ನು ಒದಗಿಸುವುದೇ ಅದರ ಯಶಸ್ಸಿನ ಅಳತೆಗೋಲು.